ಹಗ್ಗದ ಮೇಲಿನ ಅಂಗಿ

ಕೊಡಗಿಗೆ ಬಂದಿಳಿದ ದಿನ ನನ್ನ ಕಾಲಿನಿಂದ ರಕ್ತ ಇಳಿಯುತ್ತಿತ್ತು, ಆದರೆ ನೋವೇ ಇರಲಿಲ್ಲ. ಆಗ ನನಗೆ ಆರು ವರ್ಷ. ನಮ್ಮ ಹುಣಸೂರು ಕಡೆ ಜಿಗಣೆ ಕೆರೆಯಲ್ಲಿರುತ್ತದೆ. ಇಲ್ಲಿ ಅದು ಹುಲ್ಲಿನ ತುದಿಯಲ್ಲಿ ಎದ್ದು ನಿಂತು ಮನುಷ್ಯರಿಗಾಗಿ ಕಾಯುತ್ತದೆ. ಇಂಬಳ ಅನ್ನುತ್ತಾರೆ. ನಾನು ಚೀರಿದೆ. ಪಾಲಿಬೆಟ್ಟದ ಆ ಎಸ್ಟೇಟಿನಲ್ಲಿ ಕೂಲಿಯವರ ಹಾಜರಿ ಬರೆಯುತ್ತಿದ್ದ ರೈಟರ್ ನನ್ನ ಕಾಲು ನೋಡಲಿಲ್ಲ. ಅವ್ವನ ಹಿಂದೆ ಇನ್ಯಾರಾದರೂ ಬರುತ್ತಿದ್ದಾರೋ ಎಂದು ದಾರಿ ನೋಡಿದರು.

“ಗಂಡ ಎಲ್ಲಿ?”

“ಬತ್ತಾನೆ ಸಾಮಿ, ಮುಂದಿನ್ ವಾರ.”

“ಒಂಟಿ ಹೆಂಗಸಿಗೆ ಲೈನಲ್ಲಿ ಮನೆ ಕೊಡ್ಲಿಕ್ಕಿಲ್ಲ. ಜೋಡಿಗೆ ಮಾತ್ರ. ಅವನ ಹೆಸರೆಂಥ?”

“ಜವರ.”

ಯಾವ ಹೆಸರನ್ನಾದರೂ ಹೇಳಬಹುದಿತ್ತು. ಅವ್ವ ನಿಜವಾದದ್ದನ್ನೇ ಹೇಳಿದಳು. ಸುಳ್ಳು ಹೇಳಿ ಅಭ್ಯಾಸವಿಲ್ಲದವರು ಸುಳ್ಳಿನಲ್ಲೂ ಅರ್ಧ ನಿಜ ಬೆರೆಸಿ ಕೆಡುತ್ತಾರೆ. ಆ ಜವರ, ಅಂದರೆ ನನ್ನ ಅಪ್ಪ, ಊರಿನಲ್ಲಿ ಇನ್ನೊಬ್ಬಳನ್ನು ಮನೆಗೆ ಕರೆತಂದು, “ಬೇಕಾದ್ರೆ ನೀನೂ ಇರು” ಎಂದಿದ್ದ. ಅವ್ವ ಇರಲಿಲ್ಲ. ನನ್ನನ್ನೂ ಮುದ್ದೆ ಮಾಡುವ ಪಾತ್ರೆಯನ್ನೂ ಎತ್ತಿಕೊಂಡು ಬಸ್ ಹತ್ತಿದ್ದಳು.

ಲೈನು ಎಂದರೆ ಒಂದೊಂದೇ ಕೋಣೆಯ ಮನೆಗಳು ಗೋಡೆಗೆ ಗೋಡೆ ಅಂಟಿಕೊಂಡು ನಿಂತ ಸಾಲು. ಊರಿನಲ್ಲೇ ಉಳಿದ ನೆಂಟರಾದ ನೀವು ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಯ ಬೆಂಕಿಯ ಮುಂದೆ ಬೆವರುವ ತಿಂಗಳಲ್ಲಿ ಇಲ್ಲಿ ನಮ್ಮ ಬಟ್ಟೆಯ ಮೇಲೆ ಬೂಷ್ಟು ಬೆಳೆಯುತ್ತಿತ್ತು. ರಾಗಿ ಸಿಗಲಿಲ್ಲ, ಅನ್ನ ತಿಂದು ಹೊಟ್ಟೆ ತುಂಬಿತೆಂದು ನಂಬಲು ನನಗೆ ಒಂದು ವರ್ಷ ಬೇಕಾಯಿತು. ಪಕ್ಕದ ಮನೆಯ ಸೆಲ್ವಿ ಅಕ್ಕ ತಮಿಳಿನಲ್ಲಿ ಬೈಯುತ್ತಲೇ ಹಾಲಿಲ್ಲದ ಬೆಲ್ಲದ ಕಾಪಿ ಕಲಿಸಿದರು. ನಾನು ಶಾಲೆಯಲ್ಲಿ “ಐತೆ” ಬಿಟ್ಟು “ಉಂಟು” ಕಲಿತೆ. ಅವ್ವ ಸಾಯುವವರೆಗೂ “ಐತೆ” ಎಂದೇ ಹೇಳಿದಳು.

ಮುಂದಿನ ವಾರ ಜವರ ಬರಲಿಲ್ಲ. ಬರುವುದಿಲ್ಲವೆಂದು ರೈಟರ್‌ಗೂ ಗೊತ್ತಾಯಿತು. ಆದರೆ ಕೊಯ್ಲಿನ ಕಾಲ ಹತ್ತಿರ ಬಂದಿತ್ತು; ಅವ್ವನ ಕೈ ಚುರುಕು. ಅವರು ಒಂದು ಉಪಾಯ ಹೇಳಿದರು.

“ಹೆಸರು ಇರ್ಲಿ. ಅವನ ಪಾಲಿನ ಕೆಲಸ ನೀನೇ ಮಾಡ್ಬೇಕು. ಮ್ಯಾನೇಜರ್ ಈ ಕಡೆ ಬಂದ್ರೆ ಮನೇಲಿ ಗಂಡಸು ಇರುವ ಹಾಗೆ ಕಾಣ್ಬೇಕು, ಆಯ್ತಲ್ಲಾ?”

ಅವ್ವ ಅಮ್ಮತ್ತಿ ಪೇಟೆಗೆ ಹೋಗಿ ಒಂದು ನೀಲಿ ಚೌಕಳಿ ಅಂಗಿ ತಂದಳು. ವಾರಕ್ಕೊಮ್ಮೆ ಒಗೆದು ಬಾಗಿಲ ಮುಂದಿನ ಹಗ್ಗಕ್ಕೆ ಹಾಕುತ್ತಿದ್ದಳು. ಯಾರೂ ತೊಡದ ಅಂಗಿ ಬರೀ ಒಗೆದೇ ಸವೆಯಿತು. ವಾರವೆಲ್ಲ ಕಾಫಿ ಕೊಯ್ದು, ಭಾನುವಾರ ಲೈನಿನವರು ಪೇಟೆಗೆ ಹೊರಟಾಗ ಅವ್ವ ಹಾರೆ ಹಿಡಿದು ಗಂಡನ ಹೆಸರಿನಲ್ಲಿ ಕಾಫಿ ಗಿಡಕ್ಕೆ ಗುಂಡಿ ತೋಡುತ್ತಿದ್ದಳು. ಏಣಿ ಹತ್ತಿ ಕರಿಮೆಣಸೂ ಕೊಯ್ದಳು. ಕೆಳಗೆ ನಿಂತ ಗಂಡಸರು ನಕ್ಕರು. ಅವಳು ಇಳಿದು ಏಣಿಯನ್ನು ಮುಂದಿನ ಮರಕ್ಕೆ ಒರಗಿಸಿದಳು. ನನ್ನನ್ನು ಮುದ್ದು ಮಾಡಿದ ನೆನಪಿಲ್ಲ. ಕಾಲಿನ ಇಂಬಳಕ್ಕೆ ಸುಣ್ಣ ಮುಟ್ಟಿಸಿ ತೆಗೆದ ನೆನಪಿದೆ. “ಇದು ನಮ್ ಮನೆ ಕಣೆ, ಯಾರೂ ಎದ್ದೋಗು ಅನ್ನಂಗಿಲ್ಲ” ಎಂದು ಒಮ್ಮೆ ಗೋಡೆ ಮುಟ್ಟಿ ಹೇಳಿದ್ದಳು. ಅವಳ ಬದುಕಿನ ಆಸೆ ಅಷ್ಟೇ.

ಆರು ವರ್ಷ ಹೀಗೆ ನಡೆಯಿತು. ಕೊಯ್ಲಿಗೆ ಬಂದ ನಮ್ಮೂರಿನವರೇ ಯಾರೋ ಅಪ್ಪನಿಗೆ ಸುದ್ದಿ ಕೊಟ್ಟರು: ನಿನ್ನ ಹೆಸರಲ್ಲಿ ಅಲ್ಲೊಂದು ಮನೆ ಐತೆ. ಅಷ್ಟರಲ್ಲಿ ಅವನ ಎರಡನೆಯವಳು ಅವನನ್ನು ಹೊರಹಾಕಿದ್ದಳು. ಒಂದು ಮಧ್ಯಾಹ್ನ ಮಳೆಯಲ್ಲಿ ನೆನೆದುಕೊಂಡು ಬಂದು ಬಾಗಿಲಲ್ಲಿ ನಿಂತ. ಅವ್ವ ತೋಟದಲ್ಲಿದ್ದಳು. ನನಗೆ ಹಿಗ್ಗೋ ಹಿಗ್ಗು. ಲೈನಿನ ಎಲ್ಲ ಮಕ್ಕಳಿಗೂ ಅಪ್ಪ ಇದ್ದ, ನನಗೂ ಬಂದ. ಒಣಗಿದ ಅಂಗಿಯನ್ನು ತಂದು ಅವನ ಕೈಗೆ ಕೊಟ್ಟವಳು ನಾನೇ.

ಅಂಗಿ ಅಳತೆಗೆ ಸರಿಯಾಗಿ ಕೂತಿತು. ಸಂಜೆ ಬಂದ ಅವ್ವ ಅವನ ಮುಖ ನೋಡಲಿಲ್ಲ, ಅಂಗಿ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಆ ನೋಟದ ಬದಲು ಎರಡೇಟು ಹೊಡೆದಿದ್ದರೆ ಮರೆಯುತ್ತಿದ್ದೆ.

ಅವ್ವ ನೇರವಾಗಿ ರೈಟರ್ ಹತ್ತಿರ ಹೋದಳು. ನಾನೂ ಹಿಂದೆ ಓಡಿದೆ.

“ಗುಂಡಿ ತೋಡಿದ್ದು ನಾನು ಸಾಮಿ.”

“ಗೊತ್ತುಂಟು. ಆದ್ರೆ ಪುಸ್ತಕದಲ್ಲಿ ಜವರ ತೋಡಿದ್ದು. ನೀನೇ ಬರೆಸಿದ ಹೆಸರಲ್ಲಾ, ನಾನೆಂಥ ಮಾಡ್ಲಿ? ಬೇಕಾದ್ರೆ ನೀನೂ ಇರು.”

ಅದೇ ಮಾತು. ಈ ಸಲ ಅವ್ವ ಬಸ್ ಹತ್ತಲಿಲ್ಲ. ನನ್ನ ಶಾಲೆ ಇತ್ತು. ಕೋಣೆಯ ನಡುವೆ ಹಳೆಯ ಸೀರೆ ಕಟ್ಟಿ ಆ ಕಡೆ ಅವನು, ಈ ಕಡೆ ನಾವು. ಅಪ್ಪ ಮೂರು ದಿನ ಕೆಲಸಕ್ಕೆ ಹೋದ. ನಾಲ್ಕನೆಯ ದಿನ ಸೊಂಟ ಹಿಡಿಯಿತು. ಅವನ ಕೆಲಸ ನಿಂತರೆ ಮನೆ ಹೋಗುತ್ತದೆ. ಹಾಗಾಗಿ ಮತ್ತೆ ಭಾನುವಾರ ಹಾರೆ ಹಿಡಿದವಳು ಅವ್ವನೇ. ಅವನು ಅದೇ ಅಂಗಿ ತೊಟ್ಟು ಜಗಲಿಯಲ್ಲಿ ಬೀಡಿ ಸೇದುತ್ತಿದ್ದ. ಹನ್ನೊಂದು ವರ್ಷ ಅವ್ವ ಅವನೊಡನೆ ಒಂದು ಮಾತೂ ಆಡಲಿಲ್ಲ. “ನಿಮ್ಮಪ್ಪನಿಗೆ ಉಣ್ಣಾಕೆ ಹೇಳು” ಎಂದು ನನಗೆ ಹೇಳುತ್ತಿದ್ದಳು.

ಕಾಫಿ ಹೂ ಬಿಟ್ಟ ವಾರ ಅವ್ವ ಕೆಮ್ಮಿ ಕೆಮ್ಮಿ ಸತ್ತಳು. ಲೈನಿನ ಹೆಂಗಸರು ಅರಿಶಿನ ಕುಂಕುಮ ಹಚ್ಚಿ, ಹೂ ಮುಡಿಸಿ, ಹಸಿರು ಬಳೆ ತೊಡಿಸಿದರು. ನೀವೂ ಊರಿನಿಂದ ಬಂದಿದ್ದಿರಿ. “ಪುಣ್ಯವಂತೆ, ಗಂಡನ ಮುಂದೆ ಹೋದಳು” ಎಂದಿರಿ. ಫೋನ್ ಮಾಡಿದಾಗ ಈಗಲೂ ಅದನ್ನೇ ಅನ್ನುತ್ತೀರಿ. ಇದನ್ನು ಬರೆಯುತ್ತಿರುವುದು ಆ ಮಾತಿನ ಮೇಲಿನ ಸಿಟ್ಟಿಗೆ. ನನ್ನ ಅವ್ವ ನಿಂಗಮ್ಮ ಪುಣ್ಯವಂತೆಯಲ್ಲ, ದುಡಿದವಳು. ಇನ್ನು ಮುಂದೆ ಹಾಗೇ ಹೇಳಿ.

ಅವ್ವ ಹೋದ ಮೇಲೆ ಲೈನು ಬಿಟ್ಟ ನಾನೀಗ ಅಮ್ಮತ್ತಿಯಲ್ಲಿ ಬಾಡಿಗೆ ಕೋಣೆಯಲ್ಲಿದ್ದು ಹೆಂಗಸರ ಬಟ್ಟೆ ಹೊಲಿಯುತ್ತೇನೆ. ಕೋಣೆ ಹುಡುಕುವಾಗ ಮೂರು ಕಡೆ “ಗಂಡ ಎಲ್ಲಿ?” ಎಂದು ಕೇಳಿದರು. ಇಲ್ಲ ಎಂದೆ. ಮೂರು ಕಡೆಯೂ ಕೋಣೆ ಇಲ್ಲವಾಯಿತು. ನಾಲ್ಕನೆಯವರು ಕೇಳಲಿಲ್ಲ, ಅಥವಾ ಮರೆತರು.

ಹೋದ ತಿಂಗಳು ಅಪ್ಪ ನನ್ನ ಹೊಲಿಗೆ ಅಂಗಡಿಗೆ ಬಂದ. ಬೆನ್ನು ಬಾಗಿದೆ. ಅವ್ವ ಸತ್ತ ಮೇಲೆ ಸೊಂಟ ತಾನಾಗಿಯೇ ವಾಸಿಯಾಗಿ ಏಳು ವರ್ಷ ದುಡಿದಿದ್ದ, ದುಡಿಯುವಷ್ಟು ದಿನ ಹೆಂಡತಿ ಎಲ್ಲಿ ಎಂದು ಯಾರೂ ಕೇಳಿರಲಿಲ್ಲ. ಈಗ ಆಗುವುದಿಲ್ಲವಂತೆ. ಅಸ್ಸಾಮಿನಿಂದ ಬಂದ ಜೋಡಿಗಳು ಮನೆಗಾಗಿ ಕಾಯುತ್ತಿದ್ದಾರಂತೆ.

“ಒಂಟಿ ಗಂಡಸಿಗೆ ಮನೆ ಇಲ್ಲ ಅಂತಾವ್ರೆ ಕಣವ್ವ. ನೀ ಬಂದು ನಿಮ್ಮವ್ವನ ಜಾಗ್ದಲ್ಲಿ ಇದ್ರೆ ಉಳೀತದೆ.”

“ಹಗ್ಗದ ಮೇಲೆ ಒಂದ್ ಸೀರೆ ಒಣಗಾಕು” ಎಂದೆ.

ಅವನಿಗೆ ಅರ್ಥವಾಯಿತು. ಎದ್ದು ಬಸ್‌ಸ್ಟ್ಯಾಂಡಿನ ಕಡೆ ನಡೆದ. ನನಗೆ ಸಂತೋಷವೇ ಆಯಿತು, ಸುಳ್ಳೇಕೆ ಹೇಳಲಿ. ಹೊಲಿಗೆ ಯಂತ್ರಕ್ಕೆ ಕೂತು ಒಂದು ರವಿಕೆ ಮುಗಿಸಿದೆ. ಊರಿಗೆ ಬಂದರೆ ನೀವು ನನ್ನನ್ನು ಕೊಡಗಿನವಳು ಅನ್ನುತ್ತೀರಿ. ಇಲ್ಲಿಯವರಿಗೆ ನಾನು ಹುಣಸೂರಿನ ಹೆಂಗಸು. ನಮ್ಮ ಮನೆ ಅಂತ ನಾನು ಕರೆದದ್ದು ಅವ್ವ ಕೈಯಿಟ್ಟು ತೋರಿಸಿದ ಆ ಗೋಡೆಯ ಕೋಣೆಯನ್ನು ಮಾತ್ರ. ಅದು ಈಗ ಅವನ ಕೈತಪ್ಪುತ್ತದೆ, ನನ್ನ ಮನೆಯೂ ಅದರ ಜೊತೆಗೇ ಹೋಗುತ್ತದೆ.