ಹಿಂಡದೆ ತೆಗೆದ ಎಣ್ಣೆ

ನಮ್ಮದು ಹಿರೇಕೆರೂರಿನ ಎಣ್ಣೆ ಗಿರಣಿಯ ಮನೆತನ. ಶೇಂಗಾ, ಕುಸುಬೆ ಹಿಂಡಿದ ದುಡ್ಡಿನಲ್ಲೇ ನಾನು ಕಾನ್ವೆಂಟಿನಲ್ಲಿ ಓದಿದ್ದು. ಆದರೂ ಗಿರಣಿಯೊಳಗೆ ಕಾಲಿಡಲು ನನಗೆ ಪರ್ಮಿಷನ್ ಇರಲಿಲ್ಲ. "ಲಂಗ ಬೆಲ್ಟಿಗೆ ಸಿಗ್ತೈತಿ, ಅತ್ತಾಗ ಹೋಗು" ಎನ್ನುತ್ತಿದ್ದರು ಅಪ್ಪ. ರಜೆಗೆ ಬಂದಾಗಲೆಲ್ಲ ಹೊರಗೆ ನಿಂತೇ ಬಿಸಿ ಹಿಂಡಿಯ ವಾಸನೆ ಕುಡಿಯುತ್ತಿದ್ದೆ. ಲವ್ಲಿ ಸ್ಮೆಲ್ ಅದು, ಈಗಲೂ ಮೂಗಿನಲ್ಲಿದೆ.

ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸಿ, ರಿಟೈರಾಗಿ ಊರಿಗೆ ಮರಳಿದ ಮೇಲೆ ನನಗೊಂದು ಹುಚ್ಚು ಹತ್ತಿತು: ಕೆರೆಯ ಪಾಚಿಯಿಂದ ಎಣ್ಣೆ ತೆಗೆಯಬೇಕು. ಮಾಸೂರಿನ ಕೆರೆಯಿಂದ ಪಾಚಿ ತರಿಸಿ, ಟೆರೇಸಿನ ಮೇಲೆ ಒಣಗಿಸಿ ಪುಡಿ ಮಾಡಿದೆ. ಅದನ್ನು ಹಿಂಡಿದರೆ ಏನೂ ಬರುವುದಿಲ್ಲ. ಹೆಕ್ಸೇನ್ ಎಂಬ, ಪೆಟ್ರೋಲಿನಂಥ ಸಾಲ್ವೆಂಟ್ ಬೇಕು. ಕರೆಂಟಿನ ಹೀಟರ್ ಮೇಲೆ ಅದು ಕಾದು, ಆವಿಯಾಗಿ ಏರಿ, ತಂಪಾಗಿ ಪುಡಿಯ ಮೇಲೆ ಹನಿಹನಿಯಾಗಿ ಬಿದ್ದು, ಎಣ್ಣೆಯನ್ನು ಕರಗಿಸಿಕೊಂಡು ಕೆಳಗಿಳಿಯುತ್ತದೆ. ಕಿಡಿ ಕಂಡರೆ ಭಗ್ಗೆನ್ನುವ ಪದಾರ್ಥ. ತಮ್ಮನ ಹೆಂಡತಿ ಮನೆಯೊಳಗೆ ಬೇಡವೆಂದಳು. ಫೇರ್ ಎನಫ್. ಗಿರಣಿಯ ಹಿಂದೆ ಖಾಲಿ ಬಿದ್ದಿದ್ದ ಕೋಣೆಯನ್ನು, ಈಗ ಗಿರಣಿ ನಡೆಸುವ ತಮ್ಮನ ಹತ್ತಿರ ಕೇಳಿದೆ. ಅದು ಸಿಗದಿದ್ದರೆ ನನ್ನ ಗಾಜಿನ ಸಾಮಾನೆಲ್ಲ ಪೆಟ್ಟಿಗೆ ಸೇರಬೇಕಿತ್ತು.

"ಅಕ್ಕಾ, ಹಿಂಡಿದ್ರ ಎಣ್ಣಿ. ಕುದಿಸಿ ತಗದದ್ದು ಎಂಥಾ ಎಣ್ಣಿ? ಕಷಾಯ!" ಎಂದ. "ಎಣ್ಣಿ ಅಂತ ತೋರ್ಸು, ಕೋಣಿ ನಿಂದು."

ಹಿತ್ತಲಿನ ಬಯಲಿನಲ್ಲೇ ಕೂತು ತೆಗೆದೆ. ತಮ್ಮ ನಮ್ಮ ಮನೆತನದ ಪರೀಕ್ಷೆ ಮಾಡಿದ: ಕಾಗದದ ಮೇಲೆ ಒಂದು ಹನಿ. ಎಣ್ಣೆಯಾದರೆ ಕಲೆ ಉಳಿಯಬೇಕು, ಅದರೊಳಗಿಂದ ಬೆಳಕು ಹಾಯಬೇಕು. ಅಗಲವಾಗಿ ಹರಡಿದ ಕಲೆ ನೋಡುನೋಡುತ್ತಲೇ ಆರಿಹೋಯಿತು.

"ನಿನ್ನ ಎಣ್ಣಿ ಊರು ಬಿಟ್ಟು ಹೋತಲ್ಲಬೇ ಅಕ್ಕಾ!" ಎಂದ. ಗಿರಣಿಯ ಹಮಾಲರೆಲ್ಲ ನಕ್ಕರು.

"ಹೋದದ್ದು ಎಣ್ಣಿ ಅಲ್ಲೋ, ಅದರಾಗ ಇನ್ನೂ ಬೆರೆತಿದ್ದ ಸಾಲ್ವೆಂಟ್. ನೀ ಅವಸರ ಮಾಡಿದಿ."

ಸಿಟ್ಟು ಬಂದಿತ್ತು, ಅಳು ಬಂದಿರಲಿಲ್ಲ. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಲೇಡಿಲೈಕ್ ನಡತೆಗೆ ಅಂದು ರಜೆ ಕೊಟ್ಟೆ.

ಮತ್ತೆ ಕೂತೆ. ಹೆಕ್ಸೇನನ್ನು ಪೂರ್ತಿ ಆವಿಯಾಗಿಸಿ ಬೇರೆ ಸೀಸೆಗೆ ಇಳಿಸಿಕೊಂಡೆ. ತಳದಲ್ಲಿ ಉಳಿದದ್ದು ಒಂದು ಚಮಚದಷ್ಟು: ಕಪ್ಪೆನ್ನಬಹುದಾದ ಹಸಿರು, ಮೀನಿನ ನಾತ. ತಮ್ಮನ ಮುಂದೆ ಕಾಗದ ಹಾಸಿ ನಾನೇ ಹನಿ ಬಿಟ್ಟೆ. ಚಹಾ ಬಂದು, ಕುಡಿದು ಮುಗಿದರೂ ಕಲೆ ಹಾಗೇ ಇತ್ತು. ಅವನು ಕಾಗದವನ್ನು ಬೆಳಕಿಗೆ ಹಿಡಿದ, ಬೆರಳಲ್ಲಿ ಉಜ್ಜಿದ, ಮೂಸಿ ಮುಖ ಸಿಂಡರಿಸಿದ.

"ಎಣ್ಣಿ ಐತಿ ಖರೆ. ಆದ್ರ ಇಷ್ಟೆಲ್ಲಾ ಪುಡಿಗೆ ಒಂದ್ ಚಮಚಾ? ಒಗ್ಗರಣಿಗೂ ಬರಂಗಿಲ್ಲ. ಈ ವಯಸ್ಸಿನ್ಯಾಗ ಯಾಕ ಬೇಕು? ಆರಾಮ ಮನ್ಯಾಗ ಕುಂಡ್ರು."

"ಎಷ್ಟು ಅಂತ ನೀ ಕೇಳಿದ್ದಿಲ್ಲ. ಕೀಲಿ ತಾ."

"ಎಲ್ಲೈತೋ ಏನೋ. ನಾಳೆ ನೋಡೂಣು."

ಈ ಮನೆಯ ನಾಳೆಗಳನ್ನು ನಾನು ಬಹಳ ಕಂಡಿದ್ದೇನೆ. ಎದ್ದುಹೋಗಿ ಹಮಾಲನೊಬ್ಬನ ಕೈಯಿಂದ ಆ ಕೋಣೆಯ ಕೊಂಡಿ ಮುರಿಸಿದೆ. ಕಿಟಕಿ ತೆರೆದು, ಒಳಗಿದ್ದ ಹರಕು ಗೋಣಿಚೀಲಗಳನ್ನು ಹೊರಗೆಸೆಯತೊಡಗಿದೆ. ತಮ್ಮ ಓಡಿಬಂದು, "ಅಕ್ಕಾ, ಧೂಳ!" ಎಂದು ಕೂಗಿದ.

"ಹಂಗಾರ ಒಂದ್ ಕಸಬರಗಿ ಕಳ್ಸು" ಎಂದೆ.