ಅಂಚಿಲ್ಲದ ರೆಕ್ಕೆಯನ್ನು ಮೊದಲು ಕಂಡವರು

ಮಣಿಪಾಲದ ನಮ್ಮ ಪ್ರಯೋಗಾಲಯದಲ್ಲಿ ಹಣ್ಣುನೊಣಗಳಿಗೆ ಆಹಾರ ಬೇಯಿಸುತ್ತಿದ್ದವರು ಕಾಪುವಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಅಕ್ಕ. ಮೆಕ್ಕೆಜೋಳದ ಹಿಟ್ಟು, ಬೆಲ್ಲ, ಈಸ್ಟ್ ಕುದಿಸಿ ಬಾಟಲಿಗಳಿಗೆ ಹೊಯ್ಯುವುದು, ಹಳೆಯ ಬಾಟಲಿ ತೊಳೆಯುವುದು ಅವರ ಕೆಲಸ. ನಾನು ಪಿಎಚ್.ಡಿ. ವಿದ್ಯಾರ್ಥಿನಿ. ನೊಣದ ಮರಿಹುಳದೊಳಗೆ ಮುಂದೆ ರೆಕ್ಕೆಯಾಗುವ ಒಂದು ಸಣ್ಣ ಚೀಲವಿರುತ್ತದೆ. ಅದರಲ್ಲಿ ಯಾವ ಜೀವಕೋಶ ರೆಕ್ಕೆಯ ಅಂಚಾಗಬೇಕು ಎಂಬುದು ಪಕ್ಕದ ಕೋಶಗಳು ಕೊಡುವ ಸೂಚನೆಯಿಂದ ತೀರ್ಮಾನವಾಗುತ್ತದೆ. ಸೂಚನೆ ತಲುಪದಿದ್ದರೆ ಅಂಚು ಮೂಡುವುದಿಲ್ಲ. ಅದಕ್ಕೆ ಇನ್ನೂ ಯಾವ ಜೀನುಗಳು ಬೇಕೆಂದು ಮೂರು ವರ್ಷ ಹುಡುಕಿದ್ದೆ. ಏನೂ ಸಿಕ್ಕಿರಲಿಲ್ಲ.

ಒಂದು ಬೆಳಿಗ್ಗೆ ಅಕ್ಕ ಬಾಟಲಿಯೊಂದನ್ನು ಹಿಡಿದು ಬಂದರು. ಮನೆಯಲ್ಲಿ ಮಲ್ಲಿಗೆ ಮೊಗ್ಗು ಕಟ್ಟಿ ಪಳಗಿದ ಕಣ್ಣು ಅವರದು.

"ಮಗಾ, ಇದರಲ್ಲಿ ನಾಲ್ಕೈದು ನೊಣಗಳ ರೆಕ್ಕೆ ಕಚ್ಚಿ ತೆಗೆದ ಹಾಗೆ ಉಂಟು."

"ಆಹಾರಕ್ಕೆ ಅಂಟಿ ಹರಿದಿರಬೇಕು. ಬಿಸಾಡಿ," ಎಂದೆ, ತಲೆಯೆತ್ತದೆ.

ಅವರು ಬಿಸಾಡಲಿಲ್ಲ. ಆ ನೊಣಗಳನ್ನು ಹೊಸ ಬಾಟಲಿಗೆ ಹಾಕಿ, ಎರಡು ವಾರ ಕಳೆದು ಮತ್ತೆ ತಂದರು. "ಇವುಗಳ ಮಕ್ಕಳಿಗೂ ಹಾಗೇ ಉಂಟು. ಅಂಟಿ ಹರಿದದ್ದಾದರೆ ಮಕ್ಕಳಿಗೆ ಬರುತ್ತದಾ?"

ಸೂಕ್ಷ್ಮದರ್ಶಕದಲ್ಲಿ ನೋಡಿದೆ. ರೆಕ್ಕೆ ಹರಿದಿರಲಿಲ್ಲ, ಅಲ್ಲಿ ಅಂಚೇ ಹುಟ್ಟಿರಲಿಲ್ಲ.

ಆ ವಾರದ ಸಭೆಯಲ್ಲಿ ಗೈಡ್ ಖುಷಿಯಿಂದ, "ಇದು ಹೇಗೆ ಸಿಕ್ಕಿತು?" ಎಂದು ಕೇಳಿದರು.

"ಬಾಟಲಿ ಬದಲಿಸುವಾಗ ಕಣ್ಣಿಗೆ ಬಿತ್ತು ಸರ್," ಎಂದೆ.

ಅಕ್ಕ ಬಾಗಿಲಲ್ಲೇ ಇದ್ದರು, ಕೈಯಲ್ಲಿ ಟ್ರೇ. ಅದನ್ನು ಮೇಜಿನ ಮೇಲಿಟ್ಟು ಹೋದರು. ಅಂದೇ ಅವರ ಹಿಂದೆ ಹೋಗಿ ಮಾತಾಡಬಹುದಿತ್ತು. ಹೋಗಲಿಲ್ಲ. ದಿನ ಕಳೆದಂತೆ ಹೇಳುವುದು ಇನ್ನಷ್ಟು ಕಷ್ಟವಾಯಿತು.

ಮರುವರ್ಷ ಅವರು ಕೆಲಸ ಬಿಟ್ಟು ಕಾರ್ಕಳದ ಮಗಳ ಮನೆಗೆ ಹೋದರು. ನನ್ನ ಥೀಸಿಸ್ ಮುಗಿದಾಗ ಒಂದು ಪ್ರತಿ ತೆಗೆದುಕೊಂಡು ಅಲ್ಲಿಗೆ ಹೋದೆ. ಕೃತಜ್ಞತೆಯ ಪುಟದಲ್ಲಿ ಅವರ ಹೆಸರು ತೋರಿಸಿದೆ.

"ಎಂತ ಬರೆದದ್ದು?"

"ನೊಣಗಳಿಗೆ ಆಹಾರ ತಯಾರಿಸಿ ಕೊಟ್ಟದ್ದಕ್ಕೆ ಅಂತ."

"ನೋಡಿದ್ದಕ್ಕೆ ಅಂತ ಇಲ್ವಾ?"

"ಇಲ್ಲ ಅಕ್ಕ."

ಅವರು ಪುಸ್ತಕ ಮುಚ್ಚಿ, "ಚಾ ಆರುತ್ತದೆ, ಕುಡಿ," ಎಂದರು. ಕುಡಿದೆ. ಹಿಂದಿರುಗುವಾಗ ಮಣಿಪಾಲದಲ್ಲಿ ಇಳಿಯುವುದನ್ನೇ ಮರೆತು ಉಡುಪಿಯವರೆಗೆ ಹೋದೆ.

ಮರುದಿನ ಗೈಡ್‌ಗೆ ಎಲ್ಲ ಹೇಳಿದೆ. ಅವರು ನನ್ನ ಮುಖ ನೋಡಲಿಲ್ಲ. "ಜರ್ನಲ್‌ಗೆ ಕಳಿಸಿದ ಲೇಖನ ಇನ್ನೂ ಅಚ್ಚಿಗೆ ಹೋಗಿಲ್ಲ. ತಿದ್ದು," ಎಂದಷ್ಟೇ ಹೇಳಿದರು. ರೆಕ್ಕೆಯ ದೋಷವನ್ನು ಮೊದಲು ಗುರುತಿಸಿದವರು ಯಾರೆಂದು ಲೇಖನದಲ್ಲಿ ಈಗ ಉಂಟು. ಅದನ್ನು ಕಾರ್ಕಳಕ್ಕೆ ಅಂಚೆಯಲ್ಲಿ ಕಳಿಸಿದೆ. ಕೈಯಾರೆ ಕೊಡುವ ಮುಖ ನನಗಿರಲಿಲ್ಲ.