ಶಿವನಂಜಪ್ಪನವರು ತಿಂದ ಪುಡಿಂಗ್

ಊಟವನ್ನು ಅಗಿಯಬಾರದು ಎಂದು ನನಗೆ ಹೇಳಿಕೊಟ್ಟದ್ದು ಹಳೇಬೀಡು. ಧಾರವಾಡ ಬಿಟ್ಟು ಬಂದ ಮೊದಲ ದಿನ, ರೈಲಿನ ಮಸಿ ಇನ್ನೂ ಕಿವಿಯ ಹಿಂದೆ ಇರುವಾಗಲೇ, ತಟ್ಟೆಯಲ್ಲಿ ಕಂದುಬಣ್ಣದ ಒಂದು ಉಂಡೆ ಬಂದು ಕೂತಿತು. ಜೋಳದ ರೊಟ್ಟಿ ತಿಂದು ಬೆಳೆದವಳು, ಅದನ್ನೂ ಹಾಗೆಯೇ ಅಗಿಯತೊಡಗಿದೆ. ಹಲ್ಲಿಗೆಲ್ಲ ಮೆತ್ತಿಕೊಂಡಿತು. ಮನೆಯ ಯಜಮಾನಿ ರುದ್ರಮ್ಮ ಸೆರಗನ್ನು ಬಾಯಿಗೆ ಹಿಡಿದು ನಗು ತಡೆದುಕೊಂಡರು.

"ಅಗೀಬಾರ್ದು ಕಣ್ರವ್ವ. ಸಾರಲ್ಲಿ ಅದ್ದಿ ನುಂಗ್ಬೇಕು."

ಇಂಗ್ಲಿಷ್ ಕಲಿಸಲು ಬಂದವಳು ಮೊದಲು ನುಂಗುವುದನ್ನು ಕಲಿತೆ. ರಾಜ್ಯವೆಲ್ಲ ಒಂದಾಯಿತಲ್ಲ, ಇನ್ನು ಎಲ್ಲಿಗೆ ಹಾಕಿದರೂ ಹೋಗಬೇಕು. ನಕಾಶೆಯಲ್ಲಿ ಒಂದಾದದ್ದು ತಟ್ಟೆಯಲ್ಲಿ ಒಂದಾಗಿಲ್ಲ ಎಂಬುದು ನನಗೆ ಆ ದಿನವೇ ತಿಳಿಯಿತು. ನಮ್ಮ ಕಡೆ ತೆಂಗಿನಕಾಯಿ ಎಂದರೆ ದೇವರ ಮುಂದೆ ಒಡೆಯುವುದು. ಇಲ್ಲಿ ಪಲ್ಯ, ಸಾರು, ಚಟ್ನಿ, ಕೊನೆಗೆ ತಲೆಗೂದಲು, ಎಲ್ಲಕ್ಕೂ ಅದೇ. ಶೇಂಗಾ ಹಿಂಡಿ, ಎಂದರೆ ನಮ್ಮ ಕಡೆಯ ಚಟ್ನಿಪುಡಿ, ಬೇಕೆಂದರೆ ಹಿಂಡಿ ಎಮ್ಮೆಗಲ್ಲವೇ ಎಂದು ಕೇಳಿದರು.

ರುದ್ರಮ್ಮನ ಗಂಡ ಶಿವನಂಜಪ್ಪನವರು ಕೊಬ್ಬರಿ ವ್ಯಾಪಾರಿ. ವಾರಕ್ಕೊಮ್ಮೆ ಅರಸೀಕೆರೆಯ ಮಂಡಿಗೆ ಮೂಟೆ ಸಾಗಿಸುವವರು. ನಾನೂ ಲಿಂಗ ಕಟ್ಟಿದವಳು ಎಂಬ ಕಾರಣಕ್ಕೆ ಅವರ ಮನೆಯ ಮುಂದಿನ ಕೋಣೆ ನನಗೆ ಸಿಕ್ಕಿತು. ನಾನು ಅಲ್ಲಿ ಬಿಡಾರ ಮಾಡಿದ್ದರಿಂದಲೇ ಅವರ ಹಿರಿಯ ಮಗಳು ಮಂಗಳಾಗೆ ಮಿಡ್ಲ್ ಸ್ಕೂಲಿಗೆ ಬರಲು ಅಪ್ಪಣೆಯಾಯಿತು. ನನ್ನ ತರಗತಿಯಲ್ಲಿ ಅವಳೊಬ್ಬಳೇ ಹುಡುಗಿ. ಹುಡುಗರ ಸಾಲಿನಿಂದ ದೂರ, ಗೋಡೆಗೆ ಅಂಟಿಕೊಂಡು ಕೂರುತ್ತಿದ್ದಳು. ಉತ್ತರ ಮಾತ್ರ ಎಲ್ಲರಿಗಿಂತ ಮೊದಲು ಬರುತ್ತಿತ್ತು.

ನನಗಂತೂ ಅಲ್ಲಿ ಕಾಲು ನಿಲ್ಲಲಿಲ್ಲ. ಸಂಜೆಯಾದರೆ ಬಸ್ತಿಹಳ್ಳಿಯವರೆಗೆ ನಡೆದು, ಬಸದಿಯ ಕಟ್ಟೆಯ ಮೇಲೆ ಒಂದು ಗಳಿಗೆ ಕೂರಲಾಗದೆ ಮತ್ತೆ ಎದ್ದು ಬರುತ್ತಿದ್ದೆ. ಶನಿವಾರ ಏನಾದರೂ ನೆಪ ಮಾಡಿ ಅರಸೀಕೆರೆ ಬಸ್ಸು ಹತ್ತುತ್ತಿದ್ದೆ. ನೆಪ ಸೀಮೆಸುಣ್ಣದ್ದು, ಆಸೆ ಪ್ಲಾಟ್‌ಫಾರ್ಮಿನದು. ಹುಬ್ಬಳ್ಳಿ ಕಡೆಯ ಗಾಡಿ ಬಂದು ನಿಂತಾಗ ಯಾರಾದರೂ ಕಿಟಕಿಯಿಂದ "ಚಾ ಕೊಡೋ ತಮ್ಮಾ" ಎಂದರೆ ಸಾಕು, ಕಣ್ಣು ತುಂಬಿ ಬರುತ್ತಿತ್ತು. ಸೇರಿದ ಮೂರನೇ ತಿಂಗಳಿಗೇ ವರ್ಗಾವಣೆಗೆ ಅರ್ಜಿ ಹಾಕಿದ್ದೆ.

ಅಷ್ಟರಲ್ಲಿ ಇಂಗ್ಲಿಷ್ ರೀಡರಿನಲ್ಲಿ ಆ ಪಾಠ ಬಂತು. ಲಂಡನ್ನಿನ ಒಂದು ಮನೆ, ಮೇಜಿನ ಸುತ್ತ ಅಪ್ಪ ಅಮ್ಮ ಮಕ್ಕಳು, ನಡುವೆ ಹಬ್ಬದ ಊಟ. ಪಾರಿಜ್ ಎಂದರೆ ಓಟ್ಸ್ ಎಂಬ ಧಾನ್ಯದ ಗಂಜಿ ಎಂದೆ. "ಅವ್ರೂ ಗಂಜಿ ಕುಡೀತಾರಾ?" ಎಂದು ತರಗತಿಗೆ ತರಗತಿಯೇ ನಕ್ಕಿತು. ಪೈ ಎಂದರೆ ಒಲೆಯೊಳಗಿಟ್ಟು ಸುಟ್ಟ ದೊಡ್ಡ ಕಡುಬು ಎಂದೆ, ಅದೂ ದಾಟಿತು. ಪುಡಿಂಗ್ ಹತ್ತಿರ ಬಂದಾಗ ಮಾದಿಹಳ್ಳಿಯ ಹುಡುಗನೊಬ್ಬ, ಹಾಲು ಕರೆಯುವ ಮನೆಯವನು, ಎದ್ದು ನಿಂತ.

"ಅದ್ಕೆ ಏನೇನ್ ಹಾಕ್ತಾರೆ ಮೇಡಂ?"

ಧಾರವಾಡದ ಟ್ರೈನಿಂಗ್ ಕಾಲೇಜಿನಲ್ಲಿ ಇಂಗ್ಲೆಂಡಿನ ಮೇಡಂ ಒಬ್ಬರು ಹೇಳಿದ್ದು ನೆನಪಿತ್ತು. ಹಿಟ್ಟು, ಸಕ್ಕರೆ, ಒಣದ್ರಾಕ್ಷಿ, ದನದ ಕೊಬ್ಬು. ಕೊಬ್ಬು ಬೇಡವಾದರೆ ಬೆಣ್ಣೆ. ಎಲ್ಲವನ್ನೂ ಹೇಳಿದೆ. ಬೆಣ್ಣೆ ಯಾರ ಕಿವಿಗೂ ಬೀಳಲಿಲ್ಲ.

ಮಂಗಳಾ ಅದನ್ನು ಊಟದ ಹೊತ್ತಿಗೆ ಮನೆಯಲ್ಲಿ ಹೇಳಿದಳು. ಶಿವನಂಜಪ್ಪನವರು ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತರು. ಕೂಗಾಡುವ ಮನುಷ್ಯರಲ್ಲ.

"ನಾಳೆಯಿಂದ ಮಂಗಳಾ ಮನೇಲೇ ಇರ್ಲಿ ಮೇಡಂ."

"ಅವರು ತಿಂತಾರ ಅಂತ ಪುಸ್ತಕದಾಗ ಅದ. ನಾವು ತಿನ್ನಬೇಕು ಅಂತ ಇಲ್ಲಲ್ರೀ," ಎಂದೆ.

"ಇವತ್ತು ಓದ್ತಾಳೆ, ನಾಳೆ ತಿಂತಾಳೆ. ನಮ್ಗ್ಯಾಕೆ ಬುಡಿ."

ಇದ್ದದ್ದನ್ನು ಇದ್ದಹಾಗೆ ಹೇಳಿದ್ದಕ್ಕೆ ಈ ಶಿಕ್ಷೆಯೇ ಎಂದು ನನಗೆ ಮೈಯೆಲ್ಲ ಉರಿದುಹೋಯಿತು. ಮಂಗಳಾ ಅಳಲಿಲ್ಲ. ಮುಸುರೆ ತಿಕ್ಕಿ, ತಂಗಿ ಗಿರಿಜಾಳ ತಲೆ ಬಾಚಿ, ನಾನು ಶಾಲೆಯಿಂದ ಬರುವುದನ್ನೇ ಜಗುಲಿಯಲ್ಲಿ ಕಾಯುತ್ತಿದ್ದಳು. "ಇವತ್ತು ಯಾವ ಪಾಠ ಆಯ್ತು ಮೇಡಂ?" ಎಂದು ಕೇಳುವಳು. ಹೇಳಿದರೆ ಅದನ್ನೇ ತುಟಿಯಲ್ಲಿ ಆಡಿಸುತ್ತ ಒಳಗೆ ಹೋಗುವಳು.

ದಾರಿ ತೋರಿಸಿದವರು ರುದ್ರಮ್ಮ. "ಅದೇನು ಅಂತ ಮಾಡೇ ತೋರ್ಸಿಬುಡಿ. ನಮ್ಮ ಒಲೇಲೇ ಮಾಡಿ. ಅವ್ರು ಕಣ್ಣಾರೆ ನೋಡ್ಲಿ."

ಸೋಮವಾರ ಶಾಲೆ ಬಿಟ್ಟು ಬಂದು ಸ್ನಾನ ಮಾಡಿ, ವಿಭೂತಿ ಇಟ್ಟು, ಅವರ ಅಡುಗೆಮನೆಗೆ ಹೋದೆ. ಗೋಧಿಹಿಟ್ಟು, ಬೆಲ್ಲ, ದ್ರಾಕ್ಷಿ, ಏಲಕ್ಕಿ, ಮನೆಯ ಬೆಣ್ಣೆ. ಇಷ್ಟಕ್ಕೆ ರುದ್ರಮ್ಮ ಸುಮ್ಮನಿರುತ್ತಾರೆಯೇ, ಒಂದು ಹಿಡಿ ಕಾಯಿತುರಿಯನ್ನೂ ಹಾಕಿದರು. ಎಲ್ಲವನ್ನೂ ಬಟ್ಟೆಯಲ್ಲಿ ಗಂಟು ಕಟ್ಟಿ ಕುದಿಯುವ ನೀರಿಗೆ ಇಳಿಬಿಟ್ಟೆವು. ಅದು ಅರ್ಧ ದಿನ ಬೇಯಬೇಕು. ನನಗೆ ಎಲ್ಲಿಯ ತಾಳ್ಮೆ? ಗಂಟಿನ ಹೊರಭಾಗ ಗಟ್ಟಿಯಾದದ್ದೇ ಬಿಚ್ಚಿ ತಟ್ಟೆಗೆ ಹಾಕಿದೆ.

ಆ ಮನೆಯಲ್ಲಿ ಒಂದು ಪದ್ಧತಿ ಉಂಟು. ಶಿವನಂಜಪ್ಪನವರು ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮಾಡಿ, ಮುಂದಿಟ್ಟದ್ದನ್ನು ಅರ್ಪಿಸಿಯೇ ಉಣ್ಣುವವರು. ಅರ್ಪಿಸಿದ ಮೇಲೆ ಅದು ಪ್ರಸಾದ. ತಟ್ಟೆಗೆ ಹಾಕಿಸಿಕೊಂಡದ್ದರಲ್ಲಿ ಒಂದಗುಳೂ ಬಿಡುವಂತಿಲ್ಲ, ಕೊನೆಗೆ ತಟ್ಟೆ ತೊಳೆದ ನೀರನ್ನೂ ಕುಡಿಯಬೇಕು. ನಮ್ಮ ಮನೆಯಲ್ಲಿ ಅದು ಅಜ್ಜನ ಕಾಲಕ್ಕೇ ನಿಂತಿತ್ತು, ಹಾಗಾಗಿ ನನಗೆ ಹೊಳೆಯಲೇ ಇಲ್ಲ. ಅವರು ಇಡೀ ಪುಡಿಂಗನ್ನು ಮುಂದಿಟ್ಟು ಅರ್ಪಿಸಿ, ದೊಡ್ಡ ತುಂಡೊಂದನ್ನು ಹಾಕಿಸಿಕೊಂಡರು. ಮೊದಲ ತುತ್ತಿಗೇ ದವಡೆ ನಿಂತಿತು. ಒಳಗೆಲ್ಲ ಹಸಿ ಹಿಟ್ಟು.

ಬಿಡುವ ಹಾಗಿಲ್ಲ. ಮಂಗಳಾ ಕಂಬದ ಹಿಂದೆ ನಿಂತು ನೋಡುತ್ತಿದ್ದಳು. ಅವರು ಅಗಿದರು, ಅಗಿಯಲಾಗದೆ ನುಂಗಿದರು, ನೀರು ಕುಡಿದು ಮತ್ತೆ ನುಂಗಿದರು. ತಟ್ಟೆ ತೊಳೆದು ಆ ನೀರನ್ನೂ ಕುಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಇದನ್ನ ತಿನ್ಕೊಂಡು ಅಷ್ಟು ವರ್ಷ ನಮ್ಮನ್ನ ಆಳಿದ್ರಾ?"

ಖಾಲಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ಶುದ್ಧವಾಗೇ ಐತೆ. ಬೆಂದಿಲ್ಲ, ಅಷ್ಟೆ," ಎಂದರು. ಕೈ ಒರೆಸಿಕೊಳ್ಳುತ್ತಾ, "ನಾಳೆ ಹೋಗ್ಲಿ ಬುಡಿ ಇಸ್ಕೂಲ್ಗೆ. ನೀವು ಇರೋಗಂಟ ಹೋಗ್ಲಿ. ನೀವು ಹೋದ್ಮೇಲೆ ಬ್ಯಾಡ," ಎಂದರು.

ರುದ್ರಮ್ಮ ಉಳಿದದ್ದನ್ನು ಮತ್ತೆ ಬಟ್ಟೆಯಲ್ಲಿ ಕಟ್ಟಿ ಒಲೆಗೇರಿಸಿದರು. ಮರುದಿನ ಅದು ಚೆನ್ನಾಗಿ ಬೆಂದು ತರಗತಿಗೆ ಬಂತು. 'ಬೇಡ, ವಂದನೆಗಳು' ಎಂದು ಇಂಗ್ಲಿಷಿನಲ್ಲಿ ವಿನಯದಿಂದ ಹೇಳುವುದನ್ನು ಆ ದಿನ ಕಲಿಸಬೇಕೆಂದಿದ್ದೆ. ಒಬ್ಬರೂ ಹೇಳಲಿಲ್ಲ. ಎಲ್ಲರೂ ಬಲಗೈ ಚಾಚಿ ಪಡೆದು ಕಣ್ಣಿಗೊತ್ತಿಕೊಂಡು ತಿಂದರು. "ಪ್ರಸಾದ ಬ್ಯಾಡ ಅನ್ಬಾರ್ದು ಮೇಡಂ," ಎಂದಳು ಮಂಗಳಾ, ತನ್ನ ಗೋಡೆಯ ಪಕ್ಕದಿಂದ.

ಬೇಸಿಗೆ ರಜೆಗೆ ಮುನ್ನ ನನ್ನ ವರ್ಗಾವಣೆಯ ಆದೇಶ ಬಂತು. ಧಾರವಾಡವೇ, ಮನೆಯಿಂದ ನಡೆದುಹೋಗುವಷ್ಟು ಹತ್ತಿರದ ಶಾಲೆ. ಸಂತೋಷ ಒಂದು ಕ್ಷಣವೂ ಇರಲಿಲ್ಲ, ಹಿಂದೆಯೇ ಸಿಟ್ಟು ಬಂತು. ನನ್ನ ಊರಿಗೆ ನಾನು ಹೋಗಲು ಇನ್ನೊಬ್ಬರ ಮಗಳ ಓದು ಯಾಕೆ ಅಡ್ಡ ಬರಬೇಕು? ಎರಡು ದಿನ ಬಸ್ತಿಹಳ್ಳಿಯ ದಾರಿ ತುಳಿದೆ. ಮೂರನೆಯ ದಿನ, ಸದ್ಯಕ್ಕೆ ಬೇಡವೆಂದು ಬರೆದುಕೊಟ್ಟೆ.

ರಜೆಗೆ ಊರಿಗೆ ಹೋದಾಗ ನೆರೆಮನೆಯವರು, "ಹಳೇಬೀಡಿನಾಕಿ ಬಂದ್ಲು ನೋಡ್ರಿ," ಎಂದರು. ಹಳೇಬೀಡಿನಲ್ಲಿ ನಾನು ಇಂದಿಗೂ ಧಾರವಾಡದ ಮೇಡಮ್ಮು. ಅವ್ವ ರೊಟ್ಟಿ ಬಡಿಯುತ್ತ ತಲೆ ಎತ್ತದೆ ಕೇಳಿದಳು: "ಕಾಯಂ ಯಾವಾಗ ಬರ್ತಿ?"

ಮಂಗಳಾ ಮಿಡ್ಲ್ ಸ್ಕೂಲ್ ಪಾಸಾದ ಕೂಡಲೇ ಬರುತ್ತೇನೆ ಎಂದು ಮಾತು ಕೊಟ್ಟು ಬಂದೆ. ಈ ಜೂನ್‌ನಲ್ಲಿ, ಎರಡು ತರಗತಿಗೆ ಒಂದೇ ಕೋಣೆಯಾದ್ದರಿಂದ, ಮಂಗಳಾಳ ಪಕ್ಕದಲ್ಲಿ, ಅದೇ ಗೋಡೆಗೆ ಅಂಟಿಕೊಂಡು, ಅವಳ ತಂಗಿ ಗಿರಿಜಾ ಬಂದು ಕೂತಿದ್ದಾಳೆ. ಅವ್ವನಿಗೆ ಇನ್ನೂ ತಿಳಿಸಿಲ್ಲ.